ಲಸಿಕೆಯ ಮಾತು ಎಲ್ಲೋ, ಹುಡುಕಾಟ ಇನ್ನೆಲ್ಲೋ

ರೋಗ ಹರಡುವುದನ್ನು ಅಳೆಯುವ ಹಾಗೆ ರೋಗದ ಬಗೆಗಿನ ಮಾತನ್ನೂ ಅಳೆಯಬಹುದೆಂದು ಸಂಶೋಧಕ ಗುಂಥರ್ ಐಸೆನ್‌ಬಾಖ್ 'ಇನ್ಫೋಡೆಮಿಯಾಲಜಿ' ಎಂಬ ಹೆಸರು ಕೊಟ್ಟದ್ದು 2002ರಲ್ಲಿ. 2008ರಲ್ಲಿ, ಜನ ಗೂಗಲ್‌ನಲ್ಲಿ ಹುಡುಕುವ ಪದಗಳಿಂದ ಫ್ಲೂ ಜ್ವರ ಎಷ್ಟಿದೆಯೆಂದು ಅಂದಾಜಿಸುವ ಗೂಗಲ್ ಫ್ಲೂ ಟ್ರೆಂಡ್ಸ್ ಬಂತು. 2012–13ರ ಚಳಿಗಾಲದಲ್ಲಿ ಅಮೆರಿಕದ ಸರ್ಕಾರಿ ಲೆಕ್ಕದ ಸುಮಾರು ಎರಡರಷ್ಟು ಜ್ವರ ತೋರಿಸಿ, 2015ರಲ್ಲಿ ನಿಂತಿತು. ಟಿವಿಯಲ್ಲಿ ಜ್ವರದ ಸುದ್ದಿ ಬಂದರೆ ಆರೋಗ್ಯವಂತರೂ ಹುಡುಕುತ್ತಾರೆ!

ಆಮೇಲಿನ ದಶಕ ಟ್ವಿಟರ್‌ನದು. ರೋಗಿಗಳು ಅಲ್ಲಿದ್ದರೆಂದಲ್ಲ, ದತ್ತಾಂಶ ಅಲ್ಲಿ ಸುಲಭವಾಗಿ ಸಿಗುತ್ತಿತ್ತು.

ಇಂಥ ಅಧ್ಯಯನದ ಕೆಲಸ ಕೆಡುವುದು ಪೋಸ್ಟ್ ಹುಡುಕುವ ಪದಗಳನ್ನು, ಅಂದರೆ ಕೀವರ್ಡ್ ಆರಿಸುವಾಗಲೇ. 'ಲಸಿಕೆ' ಎಂದು ಇಡೀ ಪದವನ್ನೇ ಹುಡುಕಿದರೆ 'ಲಸಿಕೆಯಿಂದ', 'ಲಸಿಕೆಯನ್ನು' ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಕನ್ನಡವಂತೂ ಪೂರ್ತಿ ಹೊರಗೆ. 'ಡೋಸ್' ಸೇರಿಸಿದರೆ 'ಮೇಷ್ಟ್ರು ಸರಿಯಾಗಿ ಡೋಸ್ ಕೊಟ್ರು' ಕೂಡ ಒಳಗೆ. ಹಾಗಾಗಿ ಮೊದಲು ಇನ್ನೂರು–ಮುನ್ನೂರು ಪೋಸ್ಟ್‌ಗಳನ್ನು ಕಣ್ಣಾರೆ ಓದಿ ಪಟ್ಟಿ ತಿದ್ದಬೇಕು. ಬಳಿಕ ಇಬ್ಬರು ಒಬ್ಬರನ್ನೊಬ್ಬರು ಕೇಳದೆ, ಶೇ 10ರಿಂದ 20ರಷ್ಟು ಮಾದರಿಯನ್ನು ತಪ್ಪು ಮಾಹಿತಿ, ಕುಚೋದ್ಯ, ಇತರೆ ಎಂಬಂತೆ ವರ್ಗೀಕರಿಸುತ್ತಾರೆ. ಆಕಸ್ಮಿಕ ಹೊಂದಿಕೆಯನ್ನು ಕಳೆದು ಇಬ್ಬರ ಒಮ್ಮತ ಅಳೆಯುವ ಕ್ರಿಪೆಂಡಾರ್ಫ್ ಆಲ್ಫಾ 0.80 ದಾಟಿದರೆ ನೆಮ್ಮದಿ, 0.667ಕ್ಕಿಂತ ಕೆಳಗಿದ್ದರೆ ವರ್ಗಗಳ ವಿವರಣೆಯನ್ನೇ ಮತ್ತೆ ಬರೆಯಬೇಕು. ನೂರರಲ್ಲಿ ತೊಂಬತ್ತೈದಕ್ಕೆ ಇಬ್ಬರೂ 'ಇತರೆ' ಎಂದು, ಉಳಿದ ಐದರಲ್ಲಿ ಬೇರೆ ಬೇರೆ ಹೇಳಿದ್ದರೆ ಶೇಕಡಾವಾರು ಒಮ್ಮತ ಚೆನ್ನಾಗಿಯೇ ಕಾಣುತ್ತದೆ, ಆಲ್ಫಾ ಮಾತ್ರ ನೆಲಕಚ್ಚಿರುತ್ತದೆ. ಶೇಕಡಾವಾರನ್ನಷ್ಟೇ ಬರೆದು ಮುಗಿಸುವ ಪ್ರಬಂಧಗಳು ಈಗಲೂ ಬರುತ್ತಿವೆ. 'ಹೌದು ಸ್ವಾಮಿ, ಲಸಿಕೆ ಹಾಕಿಸ್ಕೊಂಡ್ಮೇಲೆ ಬಾಲ ಬಂದಿದೆ' ಎಂಬುದು ತಪ್ಪು ಮಾಹಿತಿಯೋ ಕುಚೋದ್ಯವೋ? ಜಗಳ ಹುಟ್ಟುವುದು ಇಂಥ ಕಡೆ.

2021ರಲ್ಲಿ ಸಂಶೋಧಕರಿಗೆ ತಿಂಗಳಿಗೆ 1 ಕೋಟಿ ಟ್ವೀಟ್ ಉಚಿತವಾಗಿ ಸಿಗತೊಡಗಿತು. 2023ರಲ್ಲಿ ಆ ಬಾಗಿಲು ಮುಚ್ಚಿತು, 2024ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪೋಸ್ಟ್‌ಗಳ ಹರಡುವಿಕೆ ನೋಡಲು ಇದ್ದ ಫೇಸ್‌ಬುಕ್‌ನ ಕ್ರೌಡ್‌ಟ್ಯಾಂಗಲ್ ಕೂಡ.

ನಮ್ಮಲ್ಲಿ ಮಾತು ನಡೆಯುವುದು ವಾಟ್ಸಾಪ್‌ನಲ್ಲಿ. 2017ರ ಫೆಬ್ರುವರಿಯಲ್ಲಿ ಕರ್ನಾಟಕ, ತಮಿಳುನಾಡುಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವದಂತಿ ಹಬ್ಬಿದ್ದೂ ಅಲ್ಲೇ. ಅಲ್ಲಿ ಹೊರಗಿನವರಿಗೆ ಹುಡುಕುಪೆಟ್ಟಿಗೆ ಇಲ್ಲ. ಉಳಿದ ದಾರಿ ಎರಡು: ಜನರೇ ಫಾರ್ವರ್ಡ್ ಕಳಿಸುವ ಟಿಪ್‌ಲೈನ್, ಇಲ್ಲವೇ ದತ್ತಾಂಶ ದಾನ, ಅಂದರೆ ಒಪ್ಪಿಗೆ ಪಡೆದು ಜನರ ಸಂದೇಶಗಳನ್ನೇ ಕೇಳಿ ಪಡೆಯುವುದು. ಟಿಪ್‌ಲೈನ್‌ಗೆ ಬರೆಯುವವರು ಅನುಮಾನ ಬಂದವರು. ನಂಬಿಬಿಟ್ಟವರು ಲೆಕ್ಕಕ್ಕೇ ಬರುವುದಿಲ್ಲ.

ಬಂದದ್ದರಲ್ಲೂ ಹೆಚ್ಚಿನದು ಚಿತ್ರ, ಧ್ವನಿ. ಒಂದೇ ಚಿತ್ರದ ನಕಲುಗಳನ್ನು ಪರ್ಸೆಪ್ಚುಯಲ್ ಹ್ಯಾಶ್‌ನಿಂದ, ಅಂದರೆ ನೋಟಕ್ಕೆ ಒಂದೇ ಥರದ ಚಿತ್ರಗಳಿಗೆ ಹತ್ತಿರದ ಗುರುತುಸಂಖ್ಯೆ ಕೊಡುವ ವಿಧಾನದಿಂದ ಒಟ್ಟುಗೂಡಿಸುತ್ತಾರೆ. ಆದರೆ ಅದೇ ಹೂವಿನ ಹಿನ್ನೆಲೆಯ ಮೇಲೆ 'ಶುಭೋದಯ' ಇದ್ದರೂ 'ಲಸಿಕೆ ಬೇಡ' ಇದ್ದರೂ ಹ್ಯಾಶ್‌ಗೆ ಬಹುಪಾಲು ಒಂದೇ. ಅಕ್ಷರ ಗುರುತಿಸಲು ಓಸಿಆರ್ ಹಾಕಿದರೆ ಅದು ಒತ್ತಕ್ಷರದಲ್ಲಿ ಎಡವುತ್ತದೆ, ಹಾಗಾಗಿ ಪ್ರತಿ ಗುಂಪಿನಿಂದ ಕೆಲವನ್ನಾದರೂ ತೆರೆದು ಓದುವವರು ಬೇಕೇ ಬೇಕು.