ಜೀನ್ ಸರಿಯಿದೆ, ಜಾಗ ತಪ್ಪಿದೆ

ಜೀನ್ ಕೆಟ್ಟರೆ ಮಾತ್ರ ಕ್ಯಾನ್ಸರ್ ಬರುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಜೀನಿನ ಒಂದಕ್ಷರವೂ ಬದಲಾಗದೆ, ಅದು ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಅನ್ನೋದು ಬದಲಾದರೂ ಸಾಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಬರ್ಕಿಟ್ ಲಿಂಫೋಮಾ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಐರ್ಲೆಂಡಿನ ಸರ್ಜನ್ ಡೆನಿಸ್ ಬರ್ಕಿಟ್ ಉಗಾಂಡಾದ ಕಂಪಾಲಾದಲ್ಲಿದ್ದಾಗ ದವಡೆ ಊದಿಕೊಂಡ ಮಕ್ಕಳನ್ನು ಮತ್ತೆ ಮತ್ತೆ ಕಂಡರು. 1958ರಲ್ಲಿ ಅದರ ಬಗ್ಗೆ ಬರೆದರು. 1961ರಲ್ಲಿ ಕಾರಿನಲ್ಲಿ ಆಫ್ರಿಕಾದ ಆಸ್ಪತ್ರೆಗಳನ್ನು ಸುತ್ತಿ, ರೋಗ ಎಲ್ಲೆಲ್ಲಿದೆ ಎಂದು ಗುರುತು ಹಾಕಿದರು. ಮಲೇರಿಯಾ ಜಾಸ್ತಿ ಇದ್ದ ಕಡೆಯೇ ಇದೂ ಇತ್ತು!

ಕೋಶದ ಒಳಗಿನ ಕಥೆ ಬಿಚ್ಚಿಕೊಂಡದ್ದು 1982ರಲ್ಲಿ. ಕೋಶದಲ್ಲಿ ಜೀನ್‌ಗಳನ್ನು ಹೊತ್ತಿರುವ ಎಳೆಗಳೇ ಕ್ರೋಮೋಸೋಮುಗಳು. ನಮ್ಮ 8ನೇ ಕ್ರೋಮೋಸೋಮಿನಲ್ಲಿ ಮಿಕ್ (MYC) ಎಂಬ ಜೀನ್ ಇದೆ. ಕೋಶ ಬೆಳೆಯಲು, ಎರಡಾಗಲು ಬೇಕಾದ ನೂರಾರು ಜೀನ್‌ಗಳನ್ನು ಎಬ್ಬಿಸುವುದು ಇದರ ಪ್ರೋಟೀನು. ಅರ್ಧ ಗಂಟೆಯೊಳಗೆ ಅದು ಅರ್ಧದಷ್ಟು ಕರಗಿಹೋಗುತ್ತದೆ, ಅಷ್ಟು ಬಿಗಿ ಹಿಡಿತ. ಬರ್ಕಿಟ್ ಲಿಂಫೋಮಾದಲ್ಲಿ ಈ ಜೀನ್ ಕಡಿದು ಹೋಗಿ 14ನೇ ಕ್ರೋಮೋಸೋಮಿಗೆ ಅಂಟಿಕೊಂಡಿತ್ತು. ಬಿ ಕೋಶ ಎಂಬ ಬಿಳಿ ರಕ್ತಕಣಗಳು ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನು, ತಯಾರಿಸಲು ಬಳಸುವ ಜೀನ್ ಇರುವುದು ಅಲ್ಲೇ. ಆ ಕೋಶಗಳಲ್ಲಿ ಆ ಜಾಗಕ್ಕೆ ಬಿಡುವೇ ಇಲ್ಲ, ಅಲ್ಲಿಗೆ ಬಂದ ಮಿಕ್‌ಗೂ ಇಲ್ಲ.

ದಿನಕ್ಕೆ ಕೆಲವೇ ಗಂಟೆ ಕರೆಂಟ್ ಬರುವ ಲೈನಿನಿಂದ ಪಂಪ್‌ಸೆಟ್ಟನ್ನು ಬಿಚ್ಚಿ, ಕರೆಂಟ್ ಹೋಗದ ಲೈನಿಗೆ ಕೊಟ್ಟ ಹಾಗೆ. ಮೋಟಾರು ಅದೇ, ಪೈಪೂ ಅದೇ. ಗದ್ದೆ ಮಾತ್ರ ಮುಳುಗುತ್ತದೆ.

ಇದು ಕಾಕತಾಳೀಯವಲ್ಲ. ಕೆಲವು ರೋಗಿಗಳಲ್ಲಿ ಅದಲುಬದಲು ನಡೆಯುವುದು 2 ಅಥವಾ 22ನೇ ಕ್ರೋಮೋಸೋಮಿನ ಜೊತೆ. ಅಲ್ಲಿರುವುದೂ ಪ್ರತಿಕಾಯದ ಜೀನ್‌ಗಳೇ!

ಜೀನ್ ಹೀಗೆ ಕಡಿದು ಹೋಗುವುದು ಯಾಕೆ? ಹೊಸ ಹೊಸ ಪ್ರತಿಕಾಯ ಮಾಡಲು ಬಿ ಕೋಶ ತನ್ನ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸುತ್ತದೆ. ಮಲೇರಿಯಾ ಪದೇ ಪದೇ ಬಂದರೆ ಆ ಕೆಲಸ ಹೆಚ್ಚುತ್ತದೆ, ಎಡವಟ್ಟೂ ಹೆಚ್ಚುತ್ತದೆ. ಹೀಗೆ ಕೆಟ್ಟ ಕೋಶ ಸಾಯದಂತೆ ಹಲವು ಸಲ ಕಾಯುವುದು ಎಪ್‌ಸ್ಟೈನ್-ಬಾರ್ ವೈರಸ್. 1964ರಲ್ಲಿ ಅದನ್ನು ಮೊದಲು ಕಂಡದ್ದೂ ಈ ಗೆಡ್ಡೆಯ ಕೋಶಗಳಲ್ಲೇ. ಜಗತ್ತಿನ ಹೆಚ್ಚಿನ ದೊಡ್ಡವರೊಳಗೆ ಈ ವೈರಸ್ ಸುಮ್ನೆ ಕೂತಿದೆ. ಅದು ಎಂಜಲಿನಿಂದ ಹರಡುತ್ತದೆ, ಕ್ಯಾನ್ಸರ್ ಹರಡುವುದಿಲ್ಲ. ಹೀಗಿದ್ದೂ ರೋಗಿಯ ತಟ್ಟೆ-ಲೋಟ ಬೇರೆ ಇಡುವವರು, ‘ಹಿಂದಿನ ಜನ್ಮದ ಪಾಪ’ ಎಂದು ತಾಯಿಗೆ ಹೇಳುವವರು ಇದ್ದಾರಲ್ಲ, ನನಗೆ ಸಿಟ್ಟು ಬರುತ್ತದೆ. ಜೀನ್ ಜಾಗ ಬದಲಿಸಿದ್ದಕ್ಕೆ ಆ ತಾಯಿ ಏನು ಮಾಡಿಯಾಳು?

ಈ ಗೆಡ್ಡೆ ಒಂದೆರಡು ದಿನದಲ್ಲೇ ದುಪ್ಪಟ್ಟಾಗಬಲ್ಲದು. ಆದರೆ ಕೀಮೋಥೆರಪಿ ಹೊಡೆಯುವುದು ಬೇಗ ಬೇಗ ಒಡೆಯುವ ಕೋಶಗಳನ್ನೇ ಅಲ್ವಾ? ಹಾಗಾಗಿ ಸರಿಯಾದ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ.