ಹೊಸ ಕಂಪ್ಯೂಟರಿಗೆ 98ರ ಬೂದು ಅಂಗಿ ತೊಡಿಸಬಹುದೇ?

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ತಗೊಂಡೆ, ವಿಂಡೋಸ್ 11 ಇದೆ. ಎಲ್ಲ ಚೆನ್ನಾಗಿದೆ, ಕಣ್ಣಿಗೆ ಮಾತ್ರ ಹಿಡಿಸುತ್ತಿಲ್ಲ. ವಿಂಡೋಸ್ 98ರಲ್ಲಿದ್ದ ಆ ಬೂದು ಕಿಟಕಿ, ಉಬ್ಬಿದ ಬಟನ್, ಎಡಮೂಲೆಯ ಸ್ಟಾರ್ಟ್ ನನಗೆ ಬೇಕು. ಹೊಸ ಕಂಪ್ಯೂಟರಿನಲ್ಲೇ ಅದನ್ನು ತರಿಸಿಕೊಳ್ಳಲು ಆಗುತ್ತದೆಯೇ ಸರ್? ಹಾಗೆ ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಆಗುತ್ತದೆ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಮುಕ್ಕಾಲು ಪಾಲು, ವಿಂಡೋಸ್ 11ರಲ್ಲಿ ಕಾಲು ಪಾಲು. ಚುರುಕಾಗುವುದಿಲ್ಲ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರಿಗೆ ಹೇಳುತ್ತೇನೆ. ಈ ಪ್ರಶ್ನೆ ಕೇಳುವವರೆಲ್ಲ ಐವತ್ತು ದಾಟಿದವರು, ಸೈಬರ್ ಸೆಂಟರಿನ ನೆನಪಿನಲ್ಲಿ ಕಣ್ಣು ಮಂಜಾದವರು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. 98 ಬಂದಾಗ ಹುಟ್ಟೇ ಇರದ ಹುಡುಗರೂ ಕೇಳುತ್ತಾರೆ. ನೋಡಿರದ ಕಾಲದ ಮೇಲೆ ನೆನಪಿನ ಮೋಹ ಹುಟ್ಟುವುದಿಲ್ಲವಲ್ಲ. ಆ ನೋಟದಲ್ಲೇ ಏನೋ ಇರಬೇಕು. ಹಾಗಾಗಿ ಥೀಮ್, ಅಂದರೆ ಪರದೆಗೆ ತೊಡಿಸುವ ವೇಷ, ಹುಡುಕಲು ಹೊರಡುವ ಮೊದಲು ನಿಮಗೆ ಬೇಕಾದದ್ದು ಬಣ್ಣವೋ ಅಂಚೋ ಅಂತ ಒಮ್ಮೆ ಕೇಳಿಕೊಳ್ಳಿ.

ಅಂಚು ಅಂದರೆ ಏನು? ಹಳೆಯ ಸ್ಟಾರ್ಟ್ ಬಟನ್ನಿನ ಚಿತ್ರ ಎಲ್ಲಾದರೂ ಸಿಕ್ಕರೆ ದೊಡ್ಡದು ಮಾಡಿ ನೋಡಿ. ಹೊಟ್ಟೆಭಾಗ ಪೂರ್ತಿ ಒಂದೇ ಬೂದು. ಪರದೆಯ ಬಣ್ಣ ಕೂಡಿಸುವ ಕೆಂಪು, ಹಸಿರು, ನೀಲಿ ಮೂರರ ಅಳತೆಯೂ 192. ಮೇಲೆ ಮತ್ತು ಎಡಕ್ಕೆ ಒಂದೇ ಒಂದು ಪಿಕ್ಸೆಲ್, ಅಂದರೆ ಪರದೆಯ ಒಂದು ಚುಕ್ಕೆಯಷ್ಟು, ದಪ್ಪದ ಬಿಳಿ ಗೆರೆ. ಕೆಳಗೆ ಮತ್ತು ಬಲಕ್ಕೆ ಕಪ್ಪು ಗೆರೆ, ಅದರ ಒಳಮಗ್ಗುಲಿಗೆ ಅಂಟಿಕೊಂಡು ಗಾಢ ಬೂದು ಬಣ್ಣದ ಇನ್ನೊಂದು. ಇಷ್ಟೇ ಚಮತ್ಕಾರ. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತಿದೆ ಅಂತ ಕಣ್ಣು ತಾನಾಗಿ ನಂಬುತ್ತದೆ, ಬಟನ್ ಉಬ್ಬಿದ ಹಾಗೆ ಕಾಣುತ್ತದೆ. ಒತ್ತಿದಾಗ ಗೆರೆಗಳು ಜಾಗ ಬದಲಿಸುತ್ತವೆ, ಒಳಗಿನ ಅಕ್ಷರ ಒಂದು ಪಿಕ್ಸೆಲ್ ಕೆಳಕ್ಕೂ ಬಲಕ್ಕೂ ಜರುಗುತ್ತದೆ. ಗುಂಡಿ ಒಳಗೆ ಹೋಯಿತು ಅಂತ ಬೆರಳಿಗೇ ಅನಿಸುತ್ತದೆ. ಬರೆಯುವ ಜಾಗಕ್ಕೆ ಇದೇ ಗೆರೆಗಳು ತಿರುಗಾಮುರುಗಾ: ಮೇಲೆ ಗಾಢ, ಕೆಳಗೆ ಬಿಳಿ, ತಗ್ಗಿನ ಹಾಗೆ. ಅಂದರೆ ಉಬ್ಬಿದ್ದನ್ನು ಒತ್ತಬೇಕು, ತಗ್ಗಿದ್ದರಲ್ಲಿ ಬರೆಯಬೇಕು, ಸಪಾಟಾಗಿರುವುದನ್ನು ಸುಮ್ಮನೆ ಓದಬೇಕು. ಯಾರೂ ಹೇಳಿಕೊಡದೆ ಎಲ್ಲರಿಗೂ ಬಂದುಬಿಟ್ಟಿದ್ದ ವ್ಯಾಕರಣ ಇದು.

ಇದು ಮೈಕ್ರೋಸಾಫ್ಟ್‌ನವರ ಸ್ವಂತ ಕಲ್ಪನೆಯೇನೂ ಅಲ್ಲ. 1989ರಲ್ಲಿ ಬಂದ ನೆಕ್ಸ್ಟ್‌ಸ್ಟೆಪ್ ಎಂಬ ವ್ಯವಸ್ಥೆಯಲ್ಲಿ ಆಗಲೇ ಇಂಥ ಬೂದು, ಇಂಥ ಅಂಚು ಇತ್ತು. ಯೂನಿಕ್ಸ್ ಕಂಪ್ಯೂಟರುಗಳಲ್ಲಿ ಕಿಟಕಿ-ಬಟನ್ ಕಟ್ಟುವ ಮೋಟಿಫ್ ಎಂಬ ಸಾಮಗ್ರಿಯಲ್ಲೂ ಇತ್ತು. ಆದರೆ 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಅದನ್ನು ಮನೆಮನೆಗೆ ಮುಟ್ಟಿಸಿತು. ಅದರ ಹಿಂದೆ ಬರೀ ಚಿತ್ರಗಾರಿಕೆಯಲ್ಲ, ತಾಳ್ಮೆಯ ಕೆಲಸವಿತ್ತು. ಆ ತಂಡದಲ್ಲಿದ್ದ ಕೆಂಟ್ ಸಲಿವನ್ 1996ರಲ್ಲಿ ಬರೆದ ಪ್ರಬಂಧವೊಂದಿದೆ. ಹೊಸಬರನ್ನು ಕೂರಿಸಿ ಎಲ್ಲಿ ಎಡವುತ್ತಾರೆ ಅಂತ ನೋಡಿ, ಮಾಡಿದ್ದನ್ನು ಕೆಡವಿ, ಮತ್ತೆ ಮಾಡಿದ ಕಥೆ ಅದರಲ್ಲಿದೆ. ವಿಂಡೋಸ್ 3.1ರಲ್ಲಿ ಒಂದು ಕಿಟಕಿಯ ಹಿಂದೆ ಇನ್ನೊಂದು ಮುಚ್ಚಿಹೋದರೆ ಅದು ಮಾಯವಾಯಿತು ಅಂತಲೇ ಜನ ತಿಳಿಯುತ್ತಿದ್ದರು. ತೆರೆದದ್ದೆಲ್ಲ ಸದಾ ಕಣ್ಣೆದುರಿಗೆ ಇರಲಿ ಅಂತ ಟಾಸ್ಕ್‌ಬಾರ್ ಬಂತು. ಎಲ್ಲಿಂದ ಶುರುಮಾಡಬೇಕು ಅನ್ನುವವರಿಗಾಗಿ ‘ಸ್ಟಾರ್ಟ್’ ಅಂತ ಹೆಸರೇ ಬರೆದ ಬಟನ್ ಬಂತು. ಅದೂ ಸಾಲದೇನೋ ಅಂತ, ಮೊದಲ ಸಲ ತೆರೆದಾಗ ಒಂದು ಬಾಣದ ಗುರುತು ಟಾಸ್ಕ್‌ಬಾರ್ ಮೇಲೆ ಜಾರಿಕೊಂಡು ಬಂದು ಇಲ್ಲಿ ಒತ್ತಿ ಅಂತ ತೋರಿಸುತ್ತಿತ್ತು.

ನನ್ನ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಅಪ್ಪ ನಿವೃತ್ತರಾದ ಮೇಲೆ ಬಿಲ್ಲುಗಳನ್ನೆಲ್ಲ ತಾವೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಒಂದು ದಿನ ಫೋನ್ ಮಾಡಿ, “ಎಲ್ಲ ತುಂಬಿದೀನಪ್ಪ, ಕಳಿಸೋ ಬಟನ್ನೇ ಇಲ್ಲ” ಅಂದರು. ಹೋಗಿ ನೋಡಿದರೆ ಬಟನ್ ಪುಟದ ಕೆಳಗಿತ್ತು. ಕೆಳಗೆ ಇನ್ನೂ ಪುಟವಿದೆ ಅಂತ ಹೇಳಬೇಕಾದ ಸ್ಕ್ರಾಲ್‌ಬಾರ್ ಅಡಗಿ ಕೂತಿತ್ತು. ಮೌಸ್ ಹತ್ತಿರ ಒಯ್ದರೆ ಮಾತ್ರ ಹೊರಗೆ ಬರುವ ನಾಚಿಕೆ ಅದಕ್ಕೆ. 95ರಲ್ಲಿ ಅದು ಹದಿನಾರು ಪಿಕ್ಸೆಲ್ ಅಗಲಕ್ಕೆ ಗಟ್ಟಿಯಾಗಿ ನಿಂತಿರುತ್ತಿತ್ತು. ಅದರೊಳಗಿನ ಉಬ್ಬು ತುಂಡಿನ ಉದ್ದ ನೋಡಿದರೆ ಪುಟ ಇನ್ನೆಷ್ಟು ಉಳಿದಿದೆ ಅಂತಲೂ ಅಂದಾಜಾಗುತ್ತಿತ್ತು. ಅಪ್ಪನಿಗೆ ಬೇಕಾಗಿದ್ದದ್ದು ಅಂಚು. ಬೂದು ಬಣ್ಣದ ಮೇಲೆ ಅವರಿಗೆ ಯಾವ ಪ್ರೀತಿಯೂ ಇಲ್ಲ.

ಹಾಗಾದರೆ ಅದು ಹೋದದ್ದು ಯಾವಾಗ? 2001ರ ಎಕ್ಸ್‌ಪಿ ನೀಲಿ-ಹಸಿರು ಬಣ್ಣ ಬಳಿದುಕೊಂಡು ಬಂತು, ಆದರೆ ‘ಕ್ಲಾಸಿಕ್’ ಎಂಬ ಆಯ್ಕೆ ಇಟ್ಟಿತ್ತು. ವಿಸ್ತಾ ಮತ್ತು 7ರಲ್ಲೂ ಅದು ಇತ್ತು. 2012ರ ವಿಂಡೋಸ್ 8 ಅದನ್ನು ಕಿತ್ತಿತು, ಜೊತೆಗೆ ಸ್ಟಾರ್ಟ್ ಬಟನ್ನನ್ನೂ ಕಿತ್ತಿತು. ಜನ ರೇಗಿದ ಮೇಲೆ ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು. ಕ್ಲಾಸಿಕ್ ಮಾತ್ರ ಬರಲೇ ಇಲ್ಲ.

ಈಗ ನಿಮ್ಮ ವಿಂಡೋಸ್ 11ಕ್ಕೆ ಬರೋಣ. ತಮಾಷೆಯೆಂದರೆ ಹಳೆಯ ಗೆರೆ ಎಳೆಯುವ ಸಾಮಾನು ಇವತ್ತಿಗೂ ಅದರ ಹೊಟ್ಟೆಯಲ್ಲಿದೆ. ಇಪ್ಪತ್ತೈದು ವರ್ಷ ಹಿಂದಿನ ಯಾವುದಾದರೂ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ಹೊರಗಿನ ಚೌಕಟ್ಟು ಹೊಸದು, ಒಳಗಿನ ಬಟನ್ನುಗಳು ಅದೇ ಉಬ್ಬಿದ ಬೂದು. ಅದನ್ನು ಇಡೀ ಪರದೆಗೆ ಬಲವಂತವಾಗಿ ತರಿಸುವ ಕಸರತ್ತುಗಳಿವೆ. ಹಾಗೆ ಮಾಡಿದಾಗ ಹೊಸ ಬಗೆಯ ಆಪ್‌ಗಳು ಎಡವುತ್ತವೆ. ದಿನನಿತ್ಯದ ಕೆಲಸದ ಯಂತ್ರದಲ್ಲಿ ಬೇಡವೇ ಬೇಡ. ನಿಮಗೆ ನಾನು ಹೇಳುವುದು ಎರಡು. ಓಪನ್-ಶೆಲ್ ಹಾಕಿದರೆ ಹಳೆಯ ರೀತಿಯ ಸ್ಟಾರ್ಟ್ ಮೆನು ಬರುತ್ತದೆ. 2009ರಲ್ಲಿ ಶುರುವಾದ ಕ್ಲಾಸಿಕ್ ಶೆಲ್ ಅನ್ನು ಅದರ ಕರ್ತೃ 2017ರಲ್ಲಿ ಕೈಬಿಟ್ಟು ಮೂಲಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ಕೊಟ್ಟುಬಿಟ್ಟರು. ಅದರ ಮುಂದುವರಿಕೆ ಇದು. ಇನ್ನೊಂದು ರೆಟ್ರೊಬಾರ್: ಟಾಸ್ಕ್‌ಬಾರಿಗೆ 95, 98, 2000, ಎಕ್ಸ್‌ಪಿ ಯಾವುದು ಬೇಕೋ ಆ ವೇಷ ಹಾಕುತ್ತದೆ. ಇವೆರಡರಿಂದ ಕೆಳಗಿನ ಪಟ್ಟಿ ಹಳೆಯದಾಗುತ್ತದೆ, ಮೇಲಿನ ಕಿಟಕಿಗಳು ಹೊಸದಾಗಿಯೇ ಉಳಿಯುತ್ತವೆ. ಕಾಲು ಪಾಲು ಅಂದದ್ದು ಅದಕ್ಕೇ. ‘ಒಂದೇ ಕ್ಲಿಕ್ಕಿಗೆ 98’ ಅಂತ ಯಾರೋ ಕಟ್ಟಿಕೊಟ್ಟ ಫೈಲುಗಳನ್ನು ಎಲ್ಲಿಂದಲೋ ಇಳಿಸಿಕೊಂಡು ಓಡಿಸಬೇಡಿ. ವ್ಯವಸ್ಥೆಯ ಒಳಗೆ ಕೈಹಾಕುವ ಪ್ರೋಗ್ರಾಮಿಗೆ ಅಪರಿಚಿತನ ಮೇಲಿನ ನಂಬಿಕೆ ಸಾಲದು.

ನಿಜವಾದ ಸುಖ ಲಿನಕ್ಸ್‌ನಲ್ಲಿದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ (ಕಿಟಕಿ, ಪಟ್ಟಿ, ಮೆನುಗಳನ್ನು ನೋಡಿಕೊಳ್ಳುವ ಭಾಗ) ಇರುವ ಯಾವುದಾದರೂ ಲಿನಕ್ಸ್ ಹಾಕಿಕೊಳ್ಳಿ, ಮಿಂಟ್ ಆಗಲಿ ಡೆಬಿಯನ್ ಆಗಲಿ. ಅದರ ಮೇಲೆ ಶಿಕಾಗೊ95 ಎಂಬ ಥೀಮ್ ಹಾಕಿ. ಶಿಕಾಗೊ ಅನ್ನುವುದು ವಿಂಡೋಸ್ 95 ತಯಾರಾಗುತ್ತಿದ್ದಾಗಿನ ಗುಟ್ಟಿನ ಹೆಸರು. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರುಗಳಿರುತ್ತವೆ, ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಥೀಮನ್ನು ಒಂದಕ್ಕೆ, ಐಕಾನುಗಳನ್ನು ಇನ್ನೊಂದಕ್ಕೆ ಸುರಿದು, ಸೆಟ್ಟಿಂಗ್‌ನಲ್ಲಿ ಆರಿಸಿದರೆ ಆಯಿತು. ಜೊತೆಗೇ ಅನುಸ್ಥಾಪನೆಯ ಸ್ಕ್ರಿಪ್ಟ್ ಕೂಡ ಕೊಟ್ಟಿದ್ದಾರೆ. ಮಾಡಿದವರ ಹುಚ್ಚು ಎಷ್ಟೆಂದರೆ, ಆ ಕಾಲದಲ್ಲಿ ವಿಂಡೋಸ್‌ಗೆ ಸೇರಿಸಿಕೊಳ್ಳುತ್ತಿದ್ದ ‘ಪ್ಲಸ್’ ಪ್ಯಾಕಿನ ಥೀಮ್ ಫೈಲುಗಳನ್ನು ಇದಕ್ಕೆ ಹೊಂದಿಸುವ ಪುಟ್ಟ ಪ್ರೋಗ್ರಾಮನ್ನೂ ಬರೆದಿದ್ದಾರೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೇನೆ. ಹಿನ್ನೆಲೆಗೆ ಆ ನವಿಲು-ಹಸಿರು ಬಣ್ಣ ಕೊಟ್ಟ ಮೇಲೆ ಮನೆಗೆ ಬಂದವರು ಒಂದು ಕ್ಷಣ ನಿಂತು ನೋಡುತ್ತಾರೆ.

ಈ ಹುಚ್ಚಿಗೆ ದಾಯಾದಿಗಳೂ ಇದ್ದಾರೆ. ಗ್ನೋಮ್ ಎಂಬುದು ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್; 2011ರಲ್ಲಿ ಗ್ನೋಮ್ 3 ಬಂದು ಹಳೆಯ ಗ್ನೋಮ್ 2ರ ಪಟ್ಟಿ-ಮೆನುಗಳನ್ನೆಲ್ಲ ಎತ್ತಿಹಾಕಿದಾಗ ಅರ್ಜೆಂಟೀನಾದ ಬಳಕೆದಾರನೊಬ್ಬ ಹಳೆಯದನ್ನೇ ಕವಲೊಡೆಸಿ ತನ್ನ ನಾಡಿನ ಪಾನೀಯದ ಹೆಸರಿಟ್ಟ: ಮಾಟೆ. ಕೆಡಿಇ ಎಂಬ ಮತ್ತೊಂದು ಡೆಸ್ಕ್‌ಟಾಪಿನ 3.5 ಬಿಡಲಾಗದವರು ಟ್ರಿನಿಟಿ ಅಂತ ಮಾಡಿಕೊಂಡರು. ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ ಎಂಬಾತ 2018ರಲ್ಲಿ ತೊಂಬತ್ತರ ದಶಕದ ನೋಟಕ್ಕೆ ಮನಸೋತು ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಸೊನ್ನೆಯಿಂದ ಬರೆಯತೊಡಗಿದ. ಸೆರೆನಿಟಿ ಓಎಸ್ ಅಂತ ಅದರ ಹೆಸರು. ನಮ್ಮ ನಿಮ್ಮ ಬಯಕೆ ಇದರ ಮುಂದೆ ಏನೂ ಅಲ್ಲ.

ಮುಕ್ಕಾಲು ಪಾಲು ಅಂದೆನಲ್ಲ, ಉಳಿದ ಕಾಲು ಪಾಲು ಏನಾಯಿತು? ಈಗಿನ ಅನೇಕ ಪ್ರೋಗ್ರಾಮುಗಳು ವ್ಯವಸ್ಥೆಯ ಥೀಮನ್ನು ಕೇಳುವುದೇ ಇಲ್ಲ. ಗ್ನೋಮ್‌ನವರು 2022ರಿಂದ ಬಳಸುತ್ತಿರುವ ಲಿಬ್‌ಅದ್ವೈತ ಎಂಬ ಸಾಮಗ್ರಿಯಲ್ಲಿ ಬರೆದ ಆಪ್‌ಗಳು ತಮ್ಮದೇ ಉಡುಪಿನಲ್ಲಿ ಬರುತ್ತವೆ. ಬ್ರೌಸರಿನ ಸಾಮಗ್ರಿಯಲ್ಲಿ ಕಟ್ಟಿದ ಚಾಟ್ ಆಪ್‌ಗಳೂ ಹಾಗೆಯೇ. ಹೀಗಾಗಿ ನಿಮ್ಮ ಪರದೆಯಲ್ಲಿ ಪಂಚೆ ಉಟ್ಟವರ ನಡುವೆ ಸೂಟು ಹಾಕಿದ ಇಬ್ಬರು ಕೂತೇ ಇರುತ್ತಾರೆ. ಅದಕ್ಕೆ ಮದ್ದಿಲ್ಲ. ಇನ್ನೊಂದು ತೊಂದರೆ ಪರದೆಯದು: ಒಂದು ಪಿಕ್ಸೆಲ್ ಗೆರೆ 800×600ರ ಪರದೆಯಲ್ಲಿ ದಪ್ಪಗೆ ಕಾಣುತ್ತಿತ್ತು, ಈಗಿನ 4ಕೆ ಪರದೆಯಲ್ಲಿ ಕೂದಲೆಳೆ. ನಿಮ್ಮ ಲ್ಯಾಪ್‌ಟಾಪಿನ ಪರದೆ ಅಷ್ಟು ನಯವಾದದ್ದಾದರೆ ಈ ಥೀಮ್ ನಿಮಗೆ ನಿರಾಸೆ ಮಾಡಬಹುದು. ಹಳೆಯ 1366×768ರ ಯಂತ್ರಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ.

ವೇಗದ ಮಾತಿಗೆ ಮೂಲವಿದೆ. ಎಕ್ಸ್‌ಪಿ ಕಾಲದ ಬಡಪಾಯಿ ಯಂತ್ರಗಳಲ್ಲಿ ಅಲಂಕಾರ ತೆಗೆದರೆ ಸ್ವಲ್ಪ ಉಸಿರಾಡುತ್ತಿದ್ದವು. ಆ ಲೆಕ್ಕ 7ರಲ್ಲೇ ತಲೆಕೆಳಗಾಗಿತ್ತು: ಅಲ್ಲಿ ಕ್ಲಾಸಿಕ್‌ಗೆ ಹೋದರೆ, ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ಕಿಟಕಿ ಜೋಡಿಸುವ ಕೆಲಸ ಮತ್ತೆ ಪ್ರೊಸೆಸರ್ ಹೆಗಲಿಗೆ ಬೀಳುತ್ತಿತ್ತು. ಈಗ ನಿಮ್ಮ ಯಂತ್ರ ಎಳೆಯುತ್ತಿದ್ದರೆ ಕಾರಣ ಬ್ರೌಸರಿನಲ್ಲಿ ತೆರೆದಿಟ್ಟ ನಲವತ್ತು ಟ್ಯಾಬ್.

ವೇಷ ಏಕೆ, ನಿಜವಾದ 98 ಅನ್ನೇ ಹಾಕಿಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ತಿದ್ದುಪಡಿಗಳು 2006ರ ಜುಲೈಗೇ ನಿಂತವು. ಹಳೆಯ ಆಟ ಆಡಬೇಕಿದ್ದರೆ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ಓಡುವ ನಕಲಿ ಕಂಪ್ಯೂಟರ್) ಒಳಗೆ, ಇಂಟರ್ನೆಟ್ ಕಿತ್ತು ಇಟ್ಟು ಆಡಿಕೊಳ್ಳಿ. ಬ್ಯಾಂಕಿನ ಕೆಲಸಕ್ಕೆ ಅಲ್ಲ.

ಕೊನೆಗೆ ಕನ್ನಡದ್ದೊಂದು ಕಥೆ ಇದೆ. ಇದನ್ನು ಬೇರೆ ಯಾರೂ ನಿಮಗೆ ಹೇಳಲಿಕ್ಕಿಲ್ಲ.

ಆ ಬೂದು ಪರದೆಯನ್ನು ನೆನೆಸಿಕೊಳ್ಳುವಾಗ ನಾವು ಮರೆಯುವುದು ಇದು: ವಿಂಡೋಸ್ 98ರಲ್ಲಿ ಒಂದು ಫೈಲಿಗೆ ಕನ್ನಡದ ಹೆಸರು ಇಡಲು ಆಗುತ್ತಿರಲಿಲ್ಲ. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ‘ನುಡಿ’ ಬಂತು. ಅವು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಿಂದ ಕೆಲಸ ನಡೆಸುತ್ತಿದ್ದವು. ಪುಟದ ಒಳಗೆ ಕನ್ನಡ ಕಾಣುತ್ತಿತ್ತು, ಕಿಟಕಿಯ ತಲೆಪಟ್ಟಿಯಲ್ಲಿ ಇಂಗ್ಲಿಷೇ. ಯೂನಿಕೋಡ್ ಕನ್ನಡ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಮನೆ ಇರುವ ಏರ್ಪಾಡು, ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಹಾಗಾಗಿ 95ರ ಚೌಕಟ್ಟಿನಲ್ಲಿ ಕನ್ನಡದ ಹೆಸರು ಕೂರಿಸುವಾಗ ನೀವು ಮಾಡುತ್ತಿರುವುದು ಹೊಸ ಕೆಲಸ. ಆ ಚೌಕಟ್ಟು ಕನ್ನಡಕ್ಕೆ ಹೊಲಿದದ್ದೇ ಅಲ್ಲ.

ಅದು ಗೊತ್ತಾಗಲು ನನಗೆ ಹತ್ತು ನಿಮಿಷ ಸಾಕಾಯಿತು. ಆ ಕಾಲದ ಪುಟ್ಟ ಬಿಟ್‌ಮ್ಯಾಪ್ ಫಾಂಟು (ಪಿಕ್ಸೆಲ್ ಪಿಕ್ಸೆಲ್ ಜೋಡಿಸಿ ಬಿಡಿಸಿದ ಅಕ್ಷರ) ಹಾಕೋಣ ಅಂತ ಹೊರಟರೆ, ಲಿನಕ್ಸ್‌ನಲ್ಲಿ ಅಕ್ಷರ ಜೋಡಿಸುವ ಪಾಂಗೊ 2019ರ 1.44ನೇ ಆವೃತ್ತಿಯಿಂದ ಹಳೆಯ ಬಗೆಯ ಬಿಟ್‌ಮ್ಯಾಪ್ ಫಾಂಟುಗಳನ್ನು ಕೈಬಿಟ್ಟಿದೆ. ಇಂಗ್ಲಿಷಿಗೆ ಅದನ್ನು ಹೋಲುವ ಬೇರೆ ಫಾಂಟು ಹಾಕಿದೆ, ಕನ್ನಡಕ್ಕೆ ‘ಗುಬ್ಬಿ’ ಎಂಬ ಫಾಂಟು ಹಾಕಿದೆ. ಅಪ್ಪನ ಪಂಚಾಂಗದ ಟಿಪ್ಪಣಿಗಳಿರುವ ‘ಶಾಸ್ತ್ರ’ ಎಂಬ ಫೋಲ್ಡರ್ ತೆರೆದೆ. ನೀಲಿ ತಲೆಪಟ್ಟಿಯಲ್ಲಿ ಕಂಡದ್ದು ‘ಶಾಸ’ ಮತ್ತು ಅದರ ಕೆಳಗೆ ಒಂದಿಷ್ಟು ಬಿಳಿ ಚೂರು. ತ ಒತ್ತು ಅರ್ಧ ಕತ್ತರಿಸಿಹೋಗಿತ್ತು, ಅದರ ಬುಡದ ರ ಒತ್ತು ಪತ್ತೆಯೇ ಇಲ್ಲ. ಈ ಡೆಸ್ಕ್‌ಟಾಪಿನಲ್ಲಿ ತಲೆಪಟ್ಟಿಯ ಎತ್ತರವನ್ನು ತೀರ್ಮಾನಿಸುವುದು ಥೀಮಿನೊಳಗಿನ ಚಿತ್ರದ ತುಂಡುಗಳು. ಇಂಗ್ಲಿಷಿನ ಒಂದು ಸಾಲು ಹಿಡಿಸುವಷ್ಟು ಅಳತೆ ಅದು. ಅಕ್ಷರದ ಕೆಳಗೆ ಅಕ್ಷರ, ಅದರ ಕೆಳಗೆ ಇನ್ನೊಂದು ಅಕ್ಷರ ತೂಗುವ ಲಿಪಿಯೊಂದು ಇಲ್ಲಿಗೆ ಬಂದೀತು ಅಂತ ಆ ಅಳತೆ ತೆಗೆದವರಿಗೆ ಹೊಳೆದಿರಲಿಲ್ಲ.

ಎರಡು ದಾರಿಗಳಿವೆ. ಆ ಚಿತ್ರಗಳನ್ನು ನೀವೇ ತೆರೆದು ಆರೇಳು ಪಿಕ್ಸೆಲ್ ಎತ್ತರಿಸಬಹುದು. ಒಂದು ಸಂಜೆಯ ಕೆಲಸ, ಪಟ್ಟಿ ಮಾತ್ರ ಕೊಂಚ ದಡಿಯನಂತೆ ಕಾಣುತ್ತದೆ. ಇಲ್ಲವೇ ಕಿಟಕಿಗಳ ಚೌಕಟ್ಟು ನೋಡಿಕೊಳ್ಳುವ ವಿಂಡೋ ಮ್ಯಾನೇಜರ್ ಸೆಟ್ಟಿಂಗ್‌ನಲ್ಲಿ ತಲೆಪಟ್ಟಿಯ ಅಕ್ಷರ ಗಾತ್ರ ಇಳಿಸಬೇಕು. ನಾನು ಸೋಮಾರಿ, ಎರಡನೆಯದನ್ನು ಮಾಡಿದೆ. ಗಾತ್ರ 7ಕ್ಕೆ ಇಳಿಸಿದಾಗ ‘ಶಾಸ್ತ್ರ’ ಪೂರ್ತಿ ಪಟ್ಟಿಯೊಳಗೆ ಕೂತಿತು, ರ ಒತ್ತಿನ ಬಾಲವೂ ಸೇರಿ. ಅದನ್ನು ಓದಲು ಅಪ್ಪ ಕನ್ನಡಕ ಹುಡುಕಿಕೊಂಡು ಒಳಗೆ ಹೋದರು.