ಸ್ಕ್ರೂಜ್‌ನ ಕಥೆಯಿಂದ ತೆರೆ ಉಳಿಸಿಕೊಂಡದ್ದು, ಕೈಬಿಟ್ಟದ್ದು

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಲಂಡನ್ನಿನಲ್ಲಿ ಪ್ರಕಟವಾದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬಕ್ಕೆ ಮೊದಲೇ ಮುಗಿದವು. ಮರುವರ್ಷದ ಫೆಬ್ರುವರಿಯಲ್ಲಿ ಕಥೆ ರಂಗಭೂಮಿಯನ್ನೂ ಏರಿತು. ಜಿಪುಣ ವ್ಯಾಪಾರಿ ಸ್ಕ್ರೂಜ್‌ನನ್ನು ಸತ್ತ ಪಾಲುದಾರ ಮಾರ್ಲಿಯ ಪ್ರೇತವೂ ಆಮೇಲೆ ಮೂರು ಭೂತಗಳೂ ಒಂದೇ ರಾತ್ರಿಯಲ್ಲಿ ಬದಲಾಯಿಸುವುದು ಎಲ್ಲರಿಗೂ ಗೊತ್ತಿರುವ ಭಾಗ. ಆದರೆ ಮಕ್ಕಳ ದುಡಿಮೆಯ ಕುರಿತ ಸರ್ಕಾರಿ ಆಯೋಗದ ವರದಿಯನ್ನು ಓದಿ ಕುದಿದಿದ್ದ ಡಿಕನ್ಸ್ ಅದೇ ವರ್ಷ ಇದನ್ನು ಬರೆದನೆಂಬುದನ್ನು ನೆನೆದರೆ, ಎರಡನೆಯ ಭೂತ ತನ್ನ ನಿಲುವಂಗಿಯ ಮರೆಯಿಂದ ಹೊರತಂದು ತೋರಿಸುವ ಅಜ್ಞಾನವೆಂಬ ಹುಡುಗ ಮತ್ತು ದಾರಿದ್ರ್ಯವೆಂಬ ಹುಡುಗಿಯೇ ಕಥೆಯ ನಡುಗಂಬವೆಂದು ತೋರುತ್ತದೆ. ಚಿತ್ರಗಳು ಬಹಳ ಸಲ ಕೈಬಿಟ್ಟದ್ದು ಈ ಇಬ್ಬರನ್ನೇ.

ಮೊದಲ ಚಿತ್ರ 1901ರದು. ಜಾದೂಗಾರನಾಗಿದ್ದ ವಾಲ್ಟರ್ ಬೂತ್ ಅದನ್ನು ನಿರ್ದೇಶಿಸಿದ. ಇಂದು ಉಳಿದಿರುವುದು ಮೂರೂವರೆ ನಿಮಿಷದಷ್ಟು. ಬಾಗಿಲು ಬಡಿಯುವ ಬಳೆಯಲ್ಲಿ ಮಾರ್ಲಿಯ ಮುಖ ಮೂಡಿಸುವುದೇ ಅವನಿಗೆ ಮುಖ್ಯವಾಗಿತ್ತು, ಮೂರು ಭೂತಗಳ ಕೆಲಸವನ್ನು ಮಾರ್ಲಿಯೊಬ್ಬನೇ ಮುಗಿಸುತ್ತಾನೆ. ಹೊಸ ಮಾಧ್ಯಮಕ್ಕೆ ಈ ಕಥೆ ಬೇಕಾದದ್ದು ಅದರ ಕರುಣೆಗಾಗಿ ಅಲ್ಲ, ಅದರ ದೆವ್ವಗಳಿಗಾಗಿ. ರಂಗದ ಮೇಲೆ ಬಹುಕಾಲ ಸ್ಕ್ರೂಜ್ ಆಗಿದ್ದ ಸೀಮೋರ್ ಹಿಕ್ಸ್ 1935ರಲ್ಲಿ ಮಾತಿನ ಚಿತ್ರದಲ್ಲೂ ಅದೇ ಪಾತ್ರ ಮಾಡಿದ.

1938ರಲ್ಲಿ ಹಾಲಿವುಡ್‌ನ ಎಂಜಿಎಂ ತಯಾರಿಸಿದ ಚಿತ್ರದಲ್ಲಿ ರೆಜಿನಾಲ್ಡ್ ಓವೆನ್ ಸ್ಕ್ರೂಜ್ ಆದದ್ದು, ರೇಡಿಯೋದಲ್ಲಿ ಆ ಪಾತ್ರಕ್ಕೆ ಹೆಸರಾಗಿದ್ದ ಲಯೊನೆಲ್ ಬ್ಯಾರಿಮೋರ್ ಅನಾರೋಗ್ಯದಿಂದ ಹಿಂದೆ ಸರಿದದ್ದರಿಂದ. ಇಡೀ ಮನೆಮಂದಿ ಕೂತು ನೋಡಬೇಕೆಂಬ ಲೆಕ್ಕಾಚಾರದಲ್ಲಿ ಅಜ್ಞಾನ, ದಾರಿದ್ರ್ಯಗಳಷ್ಟೇ ಅಲ್ಲ, ಹಣದ ಮೋಹ ಕಂಡು ಸ್ಕ್ರೂಜ್‌ನನ್ನು ಬಿಟ್ಟುಹೋಗುವ ಪ್ರೇಯಸಿ ಬೆಲ್ ಕೂಡ ಮಾಯವಾದಳು. ಮನುಷ್ಯ ಯಾಕೆ ಕಲ್ಲಾದನೆಂದು ಹೇಳದೆ ಕರಗಿದನೆಂದು ಮಾತ್ರ ತೋರಿಸಿದರೆ ನೋಡುಗ ನಂಬುವುದಾದರೂ ಹೇಗೆ?

ಆ ಪ್ರಶ್ನೆಗೆ ಉತ್ತರದಂತೆ ಬಂದದ್ದು 1951ರ ಬ್ರಿಟಿಷ್ ಚಿತ್ರ. ಬ್ರಯನ್ ಡೆಸ್ಮಂಡ್ ಹರ್ಸ್ಟ್ ನಿರ್ದೇಶನದ ಈ ಚಿತ್ರಕ್ಕೆ ಚಿತ್ರಕಥೆ ಬರೆದ ನೋಯೆಲ್ ಲ್ಯಾಂಗ್ಲಿ, ಡಿಕನ್ಸ್ ಬರೆಯದ್ದನ್ನೂ ಧೈರ್ಯವಾಗಿ ಸೇರಿಸಿದ: ಸ್ಕ್ರೂಜ್‌ನ ಅಕ್ಕ ಹೆರಿಗೆಯಲ್ಲಿ ಸಾಯುವುದು, ಜಾರ್ಕಿನ್ ಎಂಬ ವ್ಯಾಪಾರಿ ತರುಣ ಸ್ಕ್ರೂಜ್‌ಗೆ ದುಡ್ಡಿನ ರುಚಿ ಹತ್ತಿಸುವುದು, ಕಡೆಗೆ ಜಾರ್ಕಿನ್ ಇದ್ದ ಕಂಪನಿಯನ್ನೇ ಸ್ಕ್ರೂಜ್ ಮತ್ತು ಮಾರ್ಲಿ ನುಂಗುವುದು. ಇಬ್ಬರು ಮಕ್ಕಳೂ ಇಲ್ಲಿದ್ದಾರೆ. ಯುದ್ಧದ ಪಡಿತರ ಇನ್ನೂ ಮುಗಿಯದಿದ್ದ ದೇಶದಲ್ಲಿ ಹಸಿವನ್ನು ಅಡಗಿಸುವ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ. ಸ್ಕ್ರೂಜ್ ಆಗಿರುವ ಅಲಾಸ್ಟೇರ್ ಸಿಮ್‌ನ ಮುಖದಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಭಯ ಕಾಣುತ್ತದೆ, ಆದ್ದರಿಂದಲೇ ಬೆಳಗಾದಾಗಿನ ಅವನ ಹುಚ್ಚು ಕುಣಿತ ನಿಜವೆನಿಸುತ್ತದೆ. ಅಮೆರಿಕದಲ್ಲಿ ಮೊದಲಿಗೆ ಹೆಚ್ಚು ಓಡದ ಈ ಚಿತ್ರವನ್ನು ಅಲ್ಲಿನ ಮೆಚ್ಚಿನ ಹಬ್ಬದ ಚಿತ್ರವಾಗಿಸಿದ್ದು ಟಿ.ವಿ. ಮರುಪ್ರಸಾರ. ಸಿಮ್‌ಗೆ ಸಾಟಿಯಾದವರನ್ನು ನಾನಂತೂ ಕಂಡಿಲ್ಲ.

ಅದರ ನೆರಳು ಬಹುದೂರ ಚಾಚಿತು. 1971ರ ರಿಚರ್ಡ್ ವಿಲಿಯಮ್ಸ್‌ನ ಆಸ್ಕರ್ ಗೆದ್ದ ಕಿರು ಅನಿಮೇಶನ್‌ಗೆ ಸಿಮ್‌ನೇ ದನಿ ಕೊಟ್ಟ. 1984ರಲ್ಲಿ ಜಾರ್ಜ್ ಸಿ. ಸ್ಕಾಟ್‌ನ ಸ್ಕ್ರೂಜ್‌ನನ್ನು ನಿರ್ದೇಶಿಸಿದ ಕ್ಲೈವ್ ಡಾನರ್, 1951ರ ಚಿತ್ರದ ಸಂಕಲನಕಾರ. ಎರಡರಲ್ಲೂ ಆ ಮಕ್ಕಳಿದ್ದಾರೆ. ಜಿಮ್ ಕ್ಯಾರಿಯ 2009ರ ಚಿತ್ರದಲ್ಲೂ ಇದ್ದಾರೆ, ಆದರೆ ಅಲ್ಲಿ ತಂತ್ರಜ್ಞಾನದ ಗದ್ದಲವೇ ಜಾಸ್ತಿ.

1992ರ ಮಪೆಟ್ ಗೊಂಬೆಗಳ ಚಿತ್ರದಲ್ಲಿ ಅವರಿಲ್ಲ. ಆದರೂ ಗಾನ್ಜೋ ಎಂಬ ಗೊಂಬೆಯನ್ನು ಡಿಕನ್ಸ್ ಆಗಿ ನಿಲ್ಲಿಸಿ ಮೂಲದ ಎಷ್ಟೋ ವಾಕ್ಯಗಳನ್ನು ಹೇಳಿಸಿದ್ದು, ಸ್ಕ್ರೂಜ್ ಆಗಿ ಮೈಕಲ್ ಕೇನ್ ಗೊಂಬೆಗಳ ನಡುವೆ ನಗದೆ ಗಂಭೀರವಾಗಿ ನಟಿಸಿದ್ದು, ಅದನ್ನು ಅತ್ಯಂತ ಪ್ರೀತಿಯ ರೂಪಾಂತರಗಳಲ್ಲಿ ಒಂದಾಗಿಸಿವೆ. ಚಿತ್ರಮಂದಿರದ ಆವೃತ್ತಿಯಿಂದ ಬೆಲ್‌ಳ ವಿದಾಯದ ಹಾಡನ್ನು ಮಕ್ಕಳಿಗೆ ಬೇಸರವಾದೀತೆಂದು ಕತ್ತರಿಸಿದ್ದರು. ಮೂವತ್ತು ವರ್ಷಗಳ ನಂತರ, 2022ರಲ್ಲಿ, ಹಾಡು ಸೇರಿದ ಪೂರ್ಣ ಆವೃತ್ತಿ ಡಿಸ್ನಿ ಪ್ಲಸ್‌ನಲ್ಲಿ ನೋಡಸಿಕ್ಕಿತು.